ಅಪ್ಪನ ಪಾದದ ಕೀಲು ಪೂರ್ತಿ ಸವೆದಿದೆ: ಬದಲಿ ಕೀಲು ಹಾಕಿಸುವುದಾ, ಮೂಳೆ ಕೂಡಿಸಿಬಿಡುವುದಾ?

ತೀರ್ಥಹಳ್ಳಿ_ತೋಟ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಬಲಗಾಲಿನ ಆಂಕಲ್ ಕೀಲು, ಅಂದರೆ ಪಾದ ಕಾಲಿಗೆ ಕೂಡುವ ಕೀಲು, ಪೂರ್ತಿ ಸವೆದುಹೋಗಿದೆ. ಹಿಂದೆ ಒಂದು ಮಳೆಗಾಲದಲ್ಲಿ ಬೈಕ್ ಜಾರಿ ಅಲ್ಲೇ ಮೂಳೆ ಮುರಿದಿತ್ತು. ಆಗ ನಾಟಿ ಕಟ್ಟು ಹಾಕಿಸಿದ್ದರು. ಮೂಳೆ ಕೂಡಿತು, ಆದರೆ ಪಾದ ಸ್ವಲ್ಪ ಹೊರಗೆ ತಿರುಗಿಯೇ ಉಳಿಯಿತು. ಈಗ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವುದಕ್ಕೂ ಗೋಡೆ ಹಿಡಿಯಬೇಕು. ನೋವಿನ ಮಾತ್ರೆ ತಿಂದು ತಿಂದು ಹೊಟ್ಟೆ ಉರಿ ಬೇರೆ.

ಒಬ್ಬ ಡಾಕ್ಟರು ಫ್ಯೂಷನ್ ಮಾಡಿಸಿ, ಅಂದರೆ ಮೂಳೆಗಳನ್ನು ಸ್ಕ್ರೂ ಹಾಕಿ ಕೂಡಿಸಿಬಿಡೋಣ, ನೋವು ಹೋಗುತ್ತದೆ ಎಂದರು. ಬೆಂಗಳೂರಿನಲ್ಲಿ ಇನ್ನೊಬ್ಬರು, ಈಗ ಮಂಡಿಯ ಹಾಗೆ ಆಂಕಲ್‌ಗೂ ಬದಲಿ ಕೀಲು ಬಂದಿದೆ, ಅದೇ ಒಳ್ಳೆಯದು ಎಂದರು. ಇಬ್ಬರೂ ಅನುಭವಸ್ಥರೇ. ಅಪ್ಪನಿಗೆ ಇಳಿಜಾರಿನ ಅಡಿಕೆ ತೋಟ ಇದೆ, ಓಡಾಡದೆ ಇರಲಾರರು. ಯಾರಾದರೂ ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ.

ನಿವೃತ್ತ_ಮೇಷ್ಟ್ರು
ಧೈರ್ಯವಾಗಿ ಬದಲಿ ಕೀಲು ಹಾಕಿಸಿ ತಾಯಿ. ನನ್ನ ಎರಡೂ ಮಂಡಿ ಆಪರೇಷನ್ ಆಗಿದೆ. ಮೂರನೇ ದಿನ ವಾಕರ್ ಹಿಡಿದು ನಡೆದೆ. ಈಗ ದಿನಾ ಸಂಜೆ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತೇನೆ. ಕೂಡಿಸುವುದೆಲ್ಲ ಹಳೇ ಕಾಲದ ಪದ್ಧತಿ.

ಫಿಸಿಯೋ_ದಾವಣಗೆರೆ
ಮೇಷ್ಟ್ರೇ, ನಿಮ್ಮ ಮಂಡಿ ಚೆನ್ನಾಗಿರುವುದು ಸಂತೋಷ. ಆದರೆ ಮಂಡಿಯ ಲೆಕ್ಕವನ್ನು ಪಾದಕ್ಕೆ ಹಾಕಬೇಡಿ. ಎರಡೂ ಬೇರೆ ಬೇರೆ ಜಾತಿಯ ಕೀಲು.

ಮಂಡಿ, ಸೊಂಟದ ಕೀಲು ಸವೆಯುವುದು ಹೆಚ್ಚಾಗಿ ವಯಸ್ಸಿನಿಂದ. ಆಂಕಲ್ ಹಾಗಲ್ಲ. ಅದು ಸುಮ್ನೆ ಸವೆಯುವುದು ಅಪರೂಪ. ಹತ್ತರಲ್ಲಿ ಏಳೆಂಟು ಜನರಿಗೆ ಹಳೆಯ ಪೆಟ್ಟೇ ಕಾರಣ. ಹಳೆಯ ಮುರಿತ, ಇಲ್ಲವೇ ಪದೇ ಪದೇ ಉಳುಕಿ ಸಡಿಲವಾದ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಕಟ್ಟು. ಈ ಹುಡುಗಿಯ ತಂದೆಯದ್ದೂ ಅದೇ ಕಥೆ. 1976ರಲ್ಲಿ ರಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ಇಬ್ಬರು ಒಂದು ಪ್ರಯೋಗ ಮಾಡಿದ್ದರು. ಆಂಕಲ್ ಒಳಗೆ ಕೂರುವ ಪಾದದ ಟೇಲಸ್ ಮೂಳೆ ತನ್ನ ಜಾಗದಿಂದ ಕೇವಲ 1 ಮಿಲಿಮೀಟರ್ ಹೊರಗೆ ಸರಿದರೂ ಮೂಳೆಗೆ ಮೂಳೆ ತಾಗುವ ಜಾಗ 42% ಕಡಿಮೆಯಾಗುತ್ತದೆ ಎಂದು ತೋರಿಸಿದರು. ನಡೆಯುವಾಗ ಆ ಕೀಲಿನ ಮೇಲೆ ಮೈತೂಕದ ಐದು ಪಟ್ಟಿನವರೆಗೂ ಭಾರ ಬೀಳುತ್ತದೆ. ಅಷ್ಟೂ ಭಾರ ಅರ್ಧ ಜಾಗದ ಮೇಲೆ ಬಿದ್ದರೆ ವರ್ಷಗಳ ಮೇಲೆ ಏನಾಗಬೇಕು ಹೇಳಿ.

ಇನ್ನೊಂದು ವಿಷಯ. ಆಂಕಲ್ ಮುಂದೆ ಚರ್ಮ ತೀರಾ ತೆಳು. ಕೆಳಗೆ ಮಾಂಸವೇ ಇಲ್ಲ. ಗಾಯ ಒಣಗುವುದು ಮಂಡಿಯಷ್ಟು ಸುಲಭ ಅಲ್ಲ.

ನೇರಾನೇರ
ಇದೆಲ್ಲ ದುಡ್ಡಿನ ವ್ಯವಹಾರ. ಫ್ಯೂಷನ್‌ಗೆ ಎರಡು ಮೂರು ಸ್ಕ್ರೂ ಸಾಕು. ಬದಲಿ ಕೀಲು ಅಂದರೆ ಲಕ್ಷಗಟ್ಟಲೆ ಬಿಲ್. ಬೆಂಗಳೂರಿನವರು ಯಾವುದನ್ನು ಹೇಳುತ್ತಾರೆ ಅಂತ ಬಿಡಿಸಿ ಹೇಳಬೇಕಾ?

ಲೀಡ್ಸ್_ಕನ್ನಡತಿ
ನೇರಾನೇರ ಅವರೇ, ನಿಮ್ಮ ಸಂಶಯ ಅರ್ಥವಾಗುತ್ತದೆ. ಆದರೆ ನಾನು ಕೆಲಸ ಮಾಡುವುದು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮೂಳೆ ವಾರ್ಡಿನಲ್ಲಿ. ಇಲ್ಲಿ ರೋಗಿ ಒಂದು ಪೈಸೆಯನ್ನೂ ಕೊಡುವುದಿಲ್ಲ. ಇಲ್ಲೂ ಇದೇ ಪ್ರಶ್ನೆ ಇತ್ತು. ಅದಕ್ಕೇ 17 ಆಸ್ಪತ್ರೆಗಳು ಸೇರಿ ಟಾರ್ವಾ ಅಂತ ಒಂದು ಅಧ್ಯಯನ ಮಾಡಿದವು. 50ರಿಂದ 85 ವರ್ಷದೊಳಗಿನ 303 ಜನ. ಯಾರಿಗೆ ಬದಲಿ ಕೀಲು, ಯಾರಿಗೆ ಫ್ಯೂಷನ್ ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು.

ಒಂದು ವರ್ಷದ ನಂತರ ಎರಡೂ ಗುಂಪಿನವರ ನಡಿಗೆ ಮತ್ತು ನೋವು ತುಂಬಾ ಸುಧಾರಿಸಿತ್ತು. ಬದಲಿ ಕೀಲಿನವರು ಒಂದು ಕೂದಲೆಳೆ ಮುಂದೆ, ಆದರೆ ಆ ಅಂತರ ಖಚಿತ ಎನ್ನುವಷ್ಟು ದೊಡ್ಡದಲ್ಲ. ತೊಂದರೆಗಳು ಮಾತ್ರ ಬೇರೆ ಬೇರೆ. ಬದಲಿ ಕೀಲಿನಲ್ಲಿ ಗಾಯ ಸರಿಯಾಗಿ ಒಣಗದಿರುವುದು, ನರಕ್ಕೆ ಪೆಟ್ಟಾಗುವುದು ಜಾಸ್ತಿ. ಫ್ಯೂಷನ್‌ನಲ್ಲಿ 100ಕ್ಕೆ ಸುಮಾರು 12 ಜನರ ಮೂಳೆ ಕೂಡಿಕೊಳ್ಳಲೇ ಇಲ್ಲ. ಅದರಲ್ಲೂ ಏಳು ಜನರಿಗೆ ಅದರಿಂದ ನೋವಿತ್ತು.

ಹಾಗಾಗಿ ಒಬ್ಬರು ಸುಳ್ಳು, ಇನ್ನೊಬ್ಬರು ನಿಜ ಅಂತ ಅಲ್ಲ. ಇಬ್ಬರು ಡಾಕ್ಟರೂ ತಪ್ಪು ಹೇಳಿಲ್ಲ.

ನೇರಾನೇರ
ಮೇಡಂ, ಎರಡೂ ಒಂದೇ ಅಂದಮೇಲೆ ಕಡಿಮೆ ಖರ್ಚಿನದ್ದನ್ನೇ ಮಾಡಿಸಬಹುದಲ್ವಾ? ನನ್ನ ಮಾತೇ ಸರಿ ಆಯಿತು.

ಲೀಡ್ಸ್_ಕನ್ನಡತಿ
ಸರಾಸರಿ ಒಂದೇ ಎಂದರೆ ಪ್ರತಿಯೊಬ್ಬರಿಗೂ ಒಂದೇ ಅಂತ ಅಲ್ಲ ಸಾರ್. ಅಲ್ಲಿಯೇ ಇನ್ನೊಂದು ಅಂಶ ಇದೆ. ಬದಲಿ ಕೀಲಿನಲ್ಲಿ ಎರಡು ಬಗೆ. ನಡುವಿನ ಪ್ಲಾಸ್ಟಿಕ್ ತುಂಡು ಜಾರುವಂಥದ್ದು ಒಂದು, ಮೇಲಿನ ಲೋಹಕ್ಕೆ ಗಟ್ಟಿಯಾಗಿ ಕೂತಿರುವಂಥದ್ದು ಇನ್ನೊಂದು. ಗಟ್ಟಿ ಕೂತಿರುವ ಬಗೆಯನ್ನು ಮಾತ್ರ ಬೇರೆ ಮಾಡಿ ನೋಡಿದಾಗ ಅದು ಫ್ಯೂಷನ್‌ಗಿಂತ ಚೆನ್ನಾಗಿ ಕಂಡಿತು. ಇದು ಆಮೇಲೆ ಮಾಡಿದ ಲೆಕ್ಕ, ಹಾಗಾಗಿ ಪೂರ್ತಿ ಭಾರ ಹಾಕಬಾರದು. ಆದರೂ ಯಾವ ಬಗೆಯದ್ದು ಹಾಕುತ್ತೀರಿ ಎಂದು ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಹಾಸನ_ಲಾರಿ
ನನಗೆ ಎಡಗಾಲು ಫ್ಯೂಷನ್ ಆಗಿದೆ. ಲಾರಿ ಓಡಿಸುತ್ತಿದ್ದೆ. ಸಕಲೇಶಪುರ ಘಾಟಿಯಲ್ಲಿ ಆಕ್ಸಿಡೆಂಟ್ ಆಗಿ ಕಾಲು ಜಜ್ಜಿ ಹೋಗಿತ್ತು. ಪ್ಲೇಟು ಹಾಕಿದ್ದರು, ಆದರೂ ಕೀಲು ಹಾಳಾಯಿತು.

ನಿಜ ಹೇಳುತ್ತೇನೆ. ಮೊದಲ ಎರಡು ಮೂರು ತಿಂಗಳು ನರಕ. ಕಾಲು ನೆಲಕ್ಕೆ ಊರುವ ಹಾಗಿಲ್ಲ. ಬಚ್ಚಲಿಗೂ ಹೆಂಡತಿ ಕೈ ಹಿಡಿಯಬೇಕು. ಆದರೆ ಮೂಳೆ ಕೂಡಿದ ಮೇಲೆ ಆ ನೋವು ಹೋಯಿತು. ಪೂರ್ತಿ ಹೋಯಿತು. ರಾತ್ರಿ ನಿದ್ದೆ ಬರುತ್ತದೆ. ನೆಲ ಸಮ ಇದ್ದರೆ ನಾನು ನಡೆಯುವುದು ನೋಡಿ ನಿಮಗೆ ಗೊತ್ತೇ ಆಗುವುದಿಲ್ಲ. ಕ್ಲಚ್ ಕೂಡ ತುಳಿಯುತ್ತೇನೆ, ತೊಡೆಯಿಂದ ಒತ್ತುವುದು ಅಭ್ಯಾಸ ಆಗಿದೆ.

ಕಷ್ಟ ಇರುವುದು ಎಲ್ಲಿ ಅಂದರೆ ಏರು ಹತ್ತುವಾಗ, ಬರಿಗಾಲಲ್ಲಿ ನಡೆಯುವಾಗ. ದೇವಸ್ಥಾನದ ಮೆಟ್ಟಿಲು ಇಳಿಯುವಾಗ ಪಾದ ಅಡ್ಡ ಮಾಡಿ ಇಳಿಯಬೇಕು. ಕುಕ್ಕರುಗಾಲಲ್ಲಿ ಕೂರುವುದು ಆಗುವುದೇ ಇಲ್ಲ. ಮನೆಯಲ್ಲಿ ಕಮೋಡ್ ಹಾಕಿಸಿದ್ದೇನೆ.

ತೀರ್ಥಹಳ್ಳಿ_ತೋಟ
ಅಣ್ಣ, ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಅದೇ ಚಿಂತೆ. ಅಡಿಕೆ ಸುಲಿಯುವ ಕಾಲದಲ್ಲಿ ನೆಲದ ಮೇಲೆ ಕೂರಬೇಕು. ಬದಲಿ ಕೀಲಾದರೆ ಕೂರಬಹುದು ಅಂತ ಆಸೆ ಇಟ್ಟುಕೊಂಡಿದ್ದಾರೆ.

ಫಿಸಿಯೋ_ದಾವಣಗೆರೆ
ಆ ಆಸೆಯ ಮೇಲೆ ನಿರ್ಧಾರ ಮಾಡಬೇಡಿ ಅಮ್ಮ. ಕುಕ್ಕರುಗಾಲಲ್ಲಿ ಹಿಮ್ಮಡಿ ಊರಿ ಕೂರಬೇಕಾದರೆ ಪಾದ ಮೇಲಕ್ಕೆ ತುಂಬಾ ಮಡಚಬೇಕು. ಬದಲಿ ಕೀಲು ಅಷ್ಟು ಮಡಚುವುದಿಲ್ಲ. ಮೇಲ್ಮುಖವಾಗಿ ಹತ್ತು ಡಿಗ್ರಿ ಆಸುಪಾಸು ಸಿಕ್ಕರೆ ಒಳ್ಳೆಯದೇ ಎನ್ನಬೇಕು. ಆಪರೇಷನ್‌ಗೆ ಮೊದಲು ಕೀಲು ಎಷ್ಟು ಆಡುತ್ತಿತ್ತೋ ಆಮೇಲೂ ಹೆಚ್ಚುಕಮ್ಮಿ ಅಷ್ಟೇ ಆಡುತ್ತದೆ. ಅದು ನೋವಿಲ್ಲದೆ ಆಡುತ್ತದೆ, ಅಷ್ಟೇ. ತಂದೆಯವರ ಕೀಲು ಈಗಲೇ ಬಿಗಿದುಹೋಗಿದ್ದರೆ ಬದಲಿ ಕೀಲಿನಿಂದ ಸಿಗುವ ಲಾಭವೂ ಕಡಿಮೆ.

ಚಕ್ಕಳಮಕ್ಕಳ ಹಾಕಿ ಕೂರುವುದು ಬೇರೆ. ಅದಕ್ಕೆ ಮಂಡಿ, ಸೊಂಟ ಸರಿ ಇರಬೇಕು. ಎರಡು ಆಪರೇಷನ್‌ನಲ್ಲೂ ಕೆಲವರು ಕೂರುತ್ತಾರೆ.

ಭಟ್ಕಳದಿಂದ
ನಮ್ಮ ಮಾವನಿಗೆ ಫ್ಯೂಷನ್ ಆಗಿದೆ. ನಮಾಜಿನಲ್ಲಿ ಸಜ್ದಾಕ್ಕೆ (ಹಣೆ ನೆಲಕ್ಕೆ ತಾಗಿಸಿ ಬಾಗುವುದಕ್ಕೆ) ಹೋಗಿ ಪಾದ ಹಿಂದಕ್ಕೆ ಚಾಚಿ ಕೂರಲು ಆಗುವುದಿಲ್ಲ. ಕುರ್ಚಿ ಮೇಲೆ ಕೂತು ಮಾಡುತ್ತಾರೆ. ಮೊದಮೊದಲು ಮನಸ್ಸಿಗೆ ತುಂಬಾ ಹಚ್ಚಿಕೊಂಡಿದ್ದರು. ಡಾಕ್ಟರು ಈ ಪ್ರಶ್ನೆಯನ್ನು ಆಪರೇಷನ್‌ಗೆ ಮೊದಲೇ ಕೇಳಬೇಕಿತ್ತು. ನೀವು ಕೂರುವ, ಏಳುವ, ಪೂಜೆ ಮಾಡುವ ರೀತಿ ಎಲ್ಲವನ್ನೂ ಮೊದಲೇ ಹೇಳಿಬಿಡಿ.

ಎಣ್ಣೆ_ಉಪಚಾರ
ಆಪರೇಷನ್ ಯಾಕೆ? ಮಹಾನಾರಾಯಣ ತೈಲ ಬಿಸಿ ಮಾಡಿ ದಿನಾ ಹಚ್ಚಿ. ಪಿಆರ್‌ಪಿ ಇಂಜೆಕ್ಷನ್ ಅಂತ ಇದೆ, ನಮ್ಮದೇ ರಕ್ತ ತೆಗೆದು ಕೀಲಿಗೆ ಹಾಕುತ್ತಾರೆ. ಸವೆದದ್ದು ಮತ್ತೆ ಬೆಳೆಯುತ್ತದೆ. ನಮ್ಮ ಕಡೆ ಸುಮಾರು ಜನ ಮಾಡಿಸಿದ್ದಾರೆ.

ಫಿಸಿಯೋ_ದಾವಣಗೆರೆ
ಎಣ್ಣೆ ಹಚ್ಚಿ, ಬಿಸಿ ಶಾಖ ಕೊಡಿ, ಹಿತ ಆಗುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಪಿಆರ್‌ಪಿ ವಿಷಯದಲ್ಲಿ ಸುಮ್ಮನಿರಲಾರೆ. ನೆದರ್ಲೆಂಡ್ಸ್‌ನಲ್ಲಿ ಆಂಕಲ್ ಸವೆತ ಇರುವ 100 ಜನರ ಮೇಲೆಯೇ ಇದನ್ನು ಪರೀಕ್ಷಿಸಿದರು. ಅರ್ಧ ಜನರಿಗೆ ಪಿಆರ್‌ಪಿ, ಅರ್ಧ ಜನರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಅವರಿಗೆ ಗೊತ್ತಿಲ್ಲ. 26 ವಾರದ ನಂತರ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. 2021ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪೂರ್ತಿ ಸವೆದ ಕೀಲಿನಲ್ಲಿ ಮೃದ್ವಸ್ಥಿ, ಅಂದರೆ ಮೂಳೆ ತುದಿಯ ನುಣುಪು ಹೊದಿಕೆ, ಮತ್ತೆ ಬೆಳೆಯುತ್ತದೆ ಎಂದು ಹೇಳಿ ಹಣ ತೆಗೆದುಕೊಳ್ಳುವವರ ಮೇಲೆ ನನಗೆ ಸಿಟ್ಟಿದೆ.

ಎಣ್ಣೆ_ಉಪಚಾರ
ನಿಮ್ಮ ವಿದೇಶದ ಅಧ್ಯಯನ ನಮ್ಮ ದೇಹಕ್ಕೆ ಹೊಂದುತ್ತದೆಯೇ?

ಫಿಸಿಯೋ_ದಾವಣಗೆರೆ
ಪಿಆರ್‌ಪಿ ಯಂತ್ರವೂ ವಿದೇಶದಿಂದಲೇ ಬಂದದ್ದು ಸಾರ್.

ಸಾಗರದವ
ನಮ್ಮ ಸಾಗರದ ಕಡೆ ಹಂದಿಗೋಡು ಕಾಯಿಲೆ ಅಂತ ಇದೆ, ಕೀಲು ಸವೆಯುವುದು. ನಿಮ್ಮ ತಂದೆಯವರದ್ದು ಅದೇ ಇರಬಹುದಾ?

ಲೀಡ್ಸ್_ಕನ್ನಡತಿ
ಇಲ್ಲ. ಹಂದಿಗೋಡು ಕಾಯಿಲೆ ವಂಶವಾಹಿಯಾಗಿ ಬರುವಂಥದ್ದು. ಕೆಲವು ಕುಟುಂಬಗಳಲ್ಲಿ ಚಿಕ್ಕಂದಿನಿಂದಲೇ ಮುಖ್ಯವಾಗಿ ಸೊಂಟ, ಮಂಡಿಯ ಕೀಲು ಹಾಳಾಗುತ್ತದೆ. ಒಂದೇ ಕಾಲಿನ ಮುರಿದ ಆಂಕಲ್‌ಗೂ ಅದಕ್ಕೂ ಸಂಬಂಧ ಇಲ್ಲ.

ಫ್ಯಾಕ್ಟರ್_ಎಂಟು
ನನಗೆ ಹಿಮೋಫಿಲಿಯಾ ಇದೆ. ರಕ್ತ ಹೆಪ್ಪುಗಟ್ಟಿಸುವ ಅಂಶ (ಫ್ಯಾಕ್ಟರ್) ಕಡಿಮೆ. ಚಿಕ್ಕಂದಿನಲ್ಲಿ ಆಂಕಲ್ ಒಳಗೆ ಮತ್ತೆ ಮತ್ತೆ ರಕ್ತ ಸೋರಿ, ಕಾಲೇಜು ಮುಗಿಯುವುದರೊಳಗೆ ಕೀಲು ಮುಗಿದಿತ್ತು. ನಮ್ಮಂಥವರಲ್ಲಿ ಮಂಡಿ, ಮೊಣಕೈ, ಆಂಕಲ್ ಈ ಮೂರೇ ಜಾಸ್ತಿ ಹಾಳಾಗುವುದು.

ನನಗೆ ಚಿಕ್ಕ ವಯಸ್ಸು ಅಂತ ಫ್ಯೂಷನ್ ಮಾಡಿದರು. ಬದಲಿ ಕೀಲು ಹಾಕಿದರೆ ಜೀವಮಾನದಲ್ಲಿ ಎರಡು ಮೂರು ಸಲ ಬದಲಿಸಬೇಕಾಗುತ್ತದೆ ಎಂದರು. ಆಪರೇಷನ್‌ಗೆ ಮೊದಲಿನಿಂದ ಗಾಯ ಒಣಗುವವರೆಗೆ ಫ್ಯಾಕ್ಟರ್ ಕೊಡುತ್ತಲೇ ಇರಬೇಕಿತ್ತು. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯವರು ದಾರಿ ತೋರಿಸಿದರು. ಇಲ್ಲಿ ಯಾರ ಮಗುವಿಗಾದರೂ ಹೀಗಿದ್ದರೆ ಕೀಲು ಹಾಳಾಗುವವರೆಗೂ ಕಾಯಬೇಡಿ, ಮೊದಲೇ ಅಲ್ಲಿಗೆ ಹೋಗಿ.

ಫುಟ್ಬಾಲ್_ಪ್ರಿಯ
ಬಾಟಿಸ್ಟುಟಾ ನೆನಪಾದರು. ಅರ್ಜೆಂಟೀನಾ ಪರ 1994 ಮತ್ತು 1998, ಎರಡು ವಿಶ್ವಕಪ್‌ನಲ್ಲೂ ಹ್ಯಾಟ್ರಿಕ್ ಹೊಡೆದವರು. ನೋವು ತಡೆದುಕೊಂಡೇ ಆಡಿ ಆಡಿ ಆಂಕಲ್ ಹಾಳು ಮಾಡಿಕೊಂಡರು. ಆಟ ಬಿಟ್ಟ ಮೇಲೆ ನೋವು ತಾಳಲಾರದೆ ಕಾಲು ಕತ್ತರಿಸಿಬಿಡಿ ಅಂತ ಡಾಕ್ಟರನ್ನೇ ಕೇಳಿದ್ದಾಗಿ ಹೇಳಿಕೊಂಡಿದ್ದಾರೆ. 2019ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬದಲಿ ಕೀಲು ಹಾಕಿಸಿಕೊಂಡರು.

ಬಡಗುತಿಟ್ಟು
ಅವರದ್ದು ವಿಶ್ವಕ್ಕೆ ಗೊತ್ತಾಯಿತು. ನಮ್ಮ ಯಕ್ಷಗಾನ ಕಲಾವಿದರ ಕಾಲನ್ನು ಯಾರು ಕೇಳುತ್ತಾರೆ? ಗೆಜ್ಜೆ ಕಟ್ಟಿ ರಾತ್ರಿಯಿಡೀ ಕುಣಿತ, ಹಲಗೆಯ ರಂಗಸ್ಥಳ, ಮಂಡಿ ಹಾಕಿ ಸುತ್ತುವುದು. ಉಳುಕಿದರೂ ಬಟ್ಟೆ ಸುತ್ತಿ ಮರುದಿನ ವೇಷ ಕಟ್ಟುತ್ತಾರೆ. ಐವತ್ತಕ್ಕೆಲ್ಲ ಮೆಟ್ಟಿಲು ಹತ್ತಲಾಗದವರನ್ನು ನಾನೇ ನೋಡಿದ್ದೇನೆ. ಮೇಳಗಳು ವರ್ಷಕ್ಕೊಮ್ಮೆ ಫಿಸಿಯೋ ಒಬ್ಬರನ್ನು ಕರೆಸಿ ಎಲ್ಲರ ಕಾಲು ನೋಡಿಸಬೇಕು.

ಫಿಸಿಯೋ_ದಾವಣಗೆರೆ
ಕರೆದರೆ ನಾನು ಬರುತ್ತೇನೆ. ದುಡ್ಡು ಬೇಡ.

ಬಡಗುತಿಟ್ಟು
ಮಾತು ಕೊಟ್ಟಿರಿ. ಮೆಸೇಜ್ ಹಾಕುತ್ತೇನೆ.

ಚಾಮುಂಡಿಬೆಟ್ಟದಡಿ
ವಿಷಯಕ್ಕೆ ಬರೋಣ. ಬದಲಿ ಕೀಲು ಹಾಕಿಸಿಕೊಂಡವಳು ನಾನು. ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತ. ಕೈಬೆರಳು, ಪಾದ ಎಲ್ಲ ಕಡೆ. ಆಂಕಲ್ ಕೆಳಗಿನ ಇನ್ನೊಂದು ಕೀಲೂ ಅರ್ಧ ಹಾಳಾಗಿತ್ತು. ಮೇಲಿನದ್ದನ್ನೂ ಕೂಡಿಸಿದರೆ ಪಾದ ಹಲಗೆಯ ಹಾಗೆ ಆಗುತ್ತದೆ, ಭಾರವೆಲ್ಲ ಕೆಳಗಿನ ಕೀಲಿಗೆ ಬಿದ್ದು ಅದೂ ಹೋಗುತ್ತದೆ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ಅದಕ್ಕೇ ಬದಲಿ ಕೀಲು.

ಹಾಕಿಸಿ ವರ್ಷಗಳಾದವು. ಮಾರ್ಕೆಟ್ಟಿಗೆ ಹೋಗಿ ತರಕಾರಿ ತರುತ್ತೇನೆ, ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಓಡುವ ಹಾಗಿಲ್ಲ, ಜಿಗಿಯುವ ಹಾಗಿಲ್ಲ, ಭಾರ ಹೊರುವ ಹಾಗಿಲ್ಲ. ಪಾದದ ಮೇಲ್ಭಾಗದಲ್ಲಿ ಒಂದಷ್ಟು ಜಾಗ ಇನ್ನೂ ಜೋಮು. ಗಾಯ ಒಣಗಲು ತುಂಬಾ ನಿಧಾನ ಆಯಿತು, ಆ ದಿನಗಳಲ್ಲಿ ಮನೆಯವರೆಲ್ಲ ಹೆದರಿದ್ದೆವು. ನನ್ನ ಹಾಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಬಯೊಲಾಜಿಕ್ ಔಷಧಿ ತೆಗೆದುಕೊಳ್ಳುವವರು ಅದನ್ನು ಯಾವಾಗ ನಿಲ್ಲಿಸಿ ಯಾವಾಗ ಶುರು ಮಾಡಬೇಕೆಂದು ರುಮಟಾಲಜಿ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ.

ಲೀಡ್ಸ್_ಕನ್ನಡತಿ
ಅಕ್ಕ ಹೇಳಿದ ಕೆಳಗಿನ ಕೀಲಿನ ಮಾತು ತುಂಬಾ ಮುಖ್ಯ. ತೀರ್ಥಹಳ್ಳಿಯವರೇ, ನಿಮ್ಮ ತಂದೆಯ ವಿಷಯವೂ ಅಲ್ಲೇ ನಿಂತಿದೆ ಅನಿಸುತ್ತದೆ. ಪಾದ ಮೇಲೆ ಕೆಳಗೆ ಆಡುವುದು ಆಂಕಲ್‌ನಿಂದ. ಎಡಕ್ಕೆ ಬಲಕ್ಕೆ ವಾಲುವುದು ಅದರ ಕೆಳಗಿನ ಸಬ್‌ಟೇಲರ್ ಕೀಲಿನಿಂದ. ಏರುಪೇರು ನೆಲದಲ್ಲಿ ಸಮತೋಲನ ಕೊಡುವುದು ಈ ಕೆಳಗಿನದ್ದೇ. ಅದು ಚೆನ್ನಾಗಿದ್ದರೆ ಫ್ಯೂಷನ್ ಆದಮೇಲೂ ತೋಟದಲ್ಲಿ ಓಡಾಡಬಹುದು. ಅದೂ ಹಾಳಾಗಿದ್ದರೆ ಬದಲಿ ಕೀಲಿನ ಕಡೆ ತೂಕ ಜಾಸ್ತಿ.

ಫ್ಯೂಷನ್ ಆಗಿ ಹತ್ತಿಪ್ಪತ್ತು ವರ್ಷಕ್ಕೆ ಸುತ್ತಲಿನ ಕೀಲುಗಳು ಸವೆಯುವುದು ಸಾಮಾನ್ಯ. ಬದಲಿ ಕೀಲಾದರೆ ಹತ್ತು ವರ್ಷಕ್ಕೆ ನೂರರಲ್ಲಿ 80ರಿಂದ 90 ಕೀಲುಗಳು ಇನ್ನೂ ಕೆಲಸ ಮಾಡುತ್ತಿರುತ್ತವೆ. ಉಳಿದವು ಸಡಿಲ ಆಗುತ್ತವೆ, ಪ್ಲಾಸ್ಟಿಕ್ ಸವೆಯುತ್ತದೆ, ಇಲ್ಲವೇ ಸೋಂಕು. ಆಗ ಹೊಸದು ಹಾಕಬಹುದು, ಇಲ್ಲವೇ ಫ್ಯೂಷನ್‌ಗೇ ಹೋಗಬಹುದು. ಆದರೆ ಅಷ್ಟರಲ್ಲಿ ಮೂಳೆ ಕಡಿಮೆಯಾಗಿರುತ್ತದೆ, ಬೇರೆ ಕಡೆಯಿಂದ ಮೂಳೆ ತಂದು ತುಂಬಬೇಕು.

ನಿವೃತ್ತ_ಮೇಷ್ಟ್ರು
ಇಷ್ಟೊಂದು ಇದೆಯೇ. ಮಂಡಿಗೆ ಇಷ್ಟು ವಿಚಾರ ಯಾರೂ ಹೇಳಿರಲಿಲ್ಲ. ಹಾಗಾದರೆ ಹಿರಿಯ ಡಾಕ್ಟರುಗಳು ಬದಲಿ ಕೀಲೆಂದರೆ ಹಿಂದೆ ಸರಿಯುವುದು ಯಾಕೆ?

ಲೀಡ್ಸ್_ಕನ್ನಡತಿ
ಅದಕ್ಕೆ ಇತಿಹಾಸ ಇದೆ ಮೇಷ್ಟ್ರೇ. ಮೊದಲ ಬದಲಿ ಆಂಕಲ್ ಹಾಕಿದ್ದು 1970ರಲ್ಲಿ, ಫ್ರಾನ್ಸಿನಲ್ಲಿ. ಆ ಕಾಲದವನ್ನು ಸಿಮೆಂಟ್ ಹಾಕಿ ಕೂರಿಸುತ್ತಿದ್ದರು. ಅದಕ್ಕಾಗಿ ಮೂಳೆಯನ್ನೂ ಜಾಸ್ತಿ ಕತ್ತರಿಸಬೇಕಿತ್ತು. ಬಹಳಷ್ಟು ಬೇಗ ಸಡಿಲವಾದವು. ಹಾಗಾಗಿ ಆ ತಲೆಮಾರಿನವರು ಫ್ಯೂಷನ್‌ಗೇ ವಾಪಸ್ ಹೋದರು. ಆಮೇಲೆ ಡೆನ್ಮಾರ್ಕಿನಿಂದ ಸ್ಟಾರ್ ಎನ್ನುವ ಕೀಲು ಬಂತು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2009ರಲ್ಲಿ. ಬದಲಿ ಕೀಲುಗಳ ಲೆಕ್ಕ ಇಡುವ ಬ್ರಿಟನ್ನಿನ ನೋಂದಣಿಯಲ್ಲಿ ಆಂಕಲ್ ಸೇರಿದ್ದು 2010ರಲ್ಲಿ. ಈಗಲೂ ಇಲ್ಲಿ ವರ್ಷಕ್ಕೆ ಸಾವಿರದ ಆಸುಪಾಸು ಆಗುತ್ತದೆ, ಮಂಡಿ ಲಕ್ಷದ ಹತ್ತಿರ. ಹಾಗಾಗಿ ಪಳಗಿದ ಕೈಗಳೂ ಕಡಿಮೆ.

ನೇರಾನೇರ
ಇದನ್ನೇ ನಾನು ಹೇಳುವುದು. ನಿಮ್ಮಲ್ಲೇ ಕಡಿಮೆ ಅಂದಮೇಲೆ ನಮ್ಮಲ್ಲಿ ಎಷ್ಟು ಜನರಿಗೆ ಅಭ್ಯಾಸ ಇರುತ್ತದೆ? ತಂಗಿ, ಆ ಡಾಕ್ಟರನ್ನು ನೇರವಾಗಿ ಕೇಳು: ಕಳೆದ ವರ್ಷ ನೀವು ಎಷ್ಟು ಆಂಕಲ್ ಬದಲಿಸಿದ್ದೀರಿ, ಎಷ್ಟು ಫ್ಯೂಷನ್ ಮಾಡಿದ್ದೀರಿ? ಎರಡನ್ನೂ ಮಾಡುವವರು ಹೇಳಿದರೆ ಕೇಳು. ಒಂದನ್ನೇ ಮಾಡುವವರಿಗೆ ಎಲ್ಲ ಕಾಲಿಗೂ ಅದೇ ಸರಿ ಕಾಣುತ್ತದೆ.

ಲೀಡ್ಸ್_ಕನ್ನಡತಿ
ಈ ಮಾತನ್ನು ಪೂರ್ತಿ ಒಪ್ಪುತ್ತೇನೆ.

ಪಾಲಿಸಿ_ಪರಿಚಿತ
ಖರ್ಚಿನ ಬಗ್ಗೆ ಎರಡು ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿದ್ದು ಮಂಡಿಯ ಬದಲಿ ಕೀಲಿಗೆ ಮಾತ್ರ. ಆಂಕಲ್ ಅದರಲ್ಲಿ ಸೇರಿರಲಿಲ್ಲ. ಹಾಗಾಗಿ ಕೀಲಿನ ಬೆಲೆ, ಕಂಪನಿ, ಮಾಡೆಲ್ ಎಲ್ಲವನ್ನೂ ಬಿಡಿಬಿಡಿಯಾಗಿ ಬರವಣಿಗೆಯಲ್ಲಿ ಕೇಳಿ. ಹೆಚ್ಚಿನ ಆರೋಗ್ಯ ವಿಮೆಗಳಲ್ಲಿ ಕೀಲು ಬದಲಿಗೆ ಕಾಯುವ ಅವಧಿ ಇರುತ್ತದೆ. ಅಪಘಾತದಿಂದ ಆದರೆ ವಿನಾಯಿತಿ ಇದೆ, ಆದರೆ ಹಳೆಯ ಅಪಘಾತಕ್ಕೆ ಕಂಪನಿಯವರು ತಕರಾರು ತೆಗೆಯಬಹುದು. ಅಡ್ಮಿಟ್ ಆಗುವ ಮೊದಲೇ ಒಪ್ಪಿಗೆ ಪತ್ರ ತೆಗೆದುಕೊಳ್ಳಿ.

ಹಾಸನ_ಲಾರಿ
ಇನ್ನೊಂದು ಹೇಳಲು ಮರೆತೆ. ತಂದೆಯವರಿಗೆ ಬೀಡಿ, ಸಿಗರೇಟು ಅಭ್ಯಾಸ ಇದೆಯಾ? ನನ್ನ ಪಕ್ಕದ ಬೆಡ್ಡಿನವರು ಬಿಡಲೇ ಇಲ್ಲ. ಅವರ ಮೂಳೆ ಕೂಡಲಿಲ್ಲ, ಮತ್ತೆ ಆಪರೇಷನ್ ಆಯಿತು.

ತೀರ್ಥಹಳ್ಳಿ_ತೋಟ
ಬೀಡಿ ಇಲ್ಲ ಅಣ್ಣ, ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕುತ್ತಾರೆ. ಸಕ್ಕರೆ ಕಾಯಿಲೆಯೂ ಸ್ವಲ್ಪ ಇದೆ.

ಫಿಸಿಯೋ_ದಾವಣಗೆರೆ
ಹೊಗೆಸೊಪ್ಪಿನಲ್ಲೂ ನಿಕೋಟಿನ್ ಇದೆ, ಬಿಡಿಸಿ. ಸಕ್ಕರೆಯನ್ನು ಹಿಡಿತಕ್ಕೆ ತರದೆ ಯಾವ ಆಪರೇಷನ್ನೂ ಬೇಡ. ಪಾದದ ಸ್ಪರ್ಶ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಿಸಿ. ಸಕ್ಕರೆಯಿಂದ ನರ ಸತ್ತು ಪಾದ ಜೋಮು ಹಿಡಿದಿದ್ದರೆ ಸಾಮಾನ್ಯವಾಗಿ ಬದಲಿ ಕೀಲು ಹಾಕುವುದಿಲ್ಲ.

ಎಕ್ಸ್‌ರೇ ಮಲಗಿಸಿ ತೆಗೆದದ್ದೋ, ನಿಲ್ಲಿಸಿ ತೆಗೆದದ್ದೋ ನೋಡಿ. ಭಾರ ಹಾಕಿ ನಿಂತಾಗಿನದ್ದೇ ಬೇಕು. ಪಾದ ಹೊರಗೆ ತಿರುಗಿದೆ ಅಂದಿರಲ್ಲ, ಆ ಸೊಟ್ಟ ಎಷ್ಟು ಡಿಗ್ರಿ ಅಂತ ಅದರಲ್ಲೇ ತಿಳಿಯುವುದು. ಸೊಟ್ಟ ತುಂಬಾ ಇದ್ದರೆ ಬದಲಿ ಕೀಲು ಒಂದೇ ಕಡೆ ಸವೆಯುತ್ತದೆ. ನೋವು ಮೇಲಿನ ಕೀಲಿನದ್ದೋ ಕೆಳಗಿನದ್ದೋ ಎಂದು ಸಂಶಯ ಇದ್ದರೆ ಒಂದು ಕೀಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನಡೆಸಿ ನೋಡುತ್ತಾರೆ. ನೋವು ಮಾಯವಾದರೆ ಅದೇ ಕೀಲು.

ತೀರ್ಥಹಳ್ಳಿ_ತೋಟ
ಎಕ್ಸ್‌ರೇ ಎರಡೂ ಕಡೆ ಮಲಗಿಸಿಯೇ ತೆಗೆದದ್ದು. ಕೆಳಗಿನ ಕೀಲಿನ ಮಾತು ಇಬ್ಬರೂ ಎತ್ತಲಿಲ್ಲ. ಮೊದಲು ನಿಲ್ಲಿಸಿ ಎಕ್ಸ್‌ರೇ ತೆಗೆಸುತ್ತೇನೆ, ಸಕ್ಕರೆ ಸರಿ ಮಾಡಿಸುತ್ತೇನೆ. ಆಮೇಲೆ ಎರಡನ್ನೂ ಮಾಡುವ ಪಾದದ ಸರ್ಜನ್ ಒಬ್ಬರನ್ನು ಹುಡುಕುತ್ತೇನೆ. ಅಡಿಕೆ ಕೊಯ್ಲು ಮುಗಿಯುವವರೆಗೆ ಅಪ್ಪ ಹೇಗೂ ಒಪ್ಪುವುದಿಲ್ಲ. ಅಲ್ಲಿಯವರೆಗೆ ನೋವು ಕಡಿಮೆ ಮಾಡಲು ಏನಾದರೂ ಇದೆಯಾ?

ಫಿಸಿಯೋ_ದಾವಣಗೆರೆ
ಇದೆ. ಊರುಗೋಲು ಎಡಗೈಯಲ್ಲಿ ಹಿಡಿಯಲಿ, ನೋವಿರುವ ಕಾಲಿನ ಎದುರು ಕೈಯಲ್ಲಿ. ತೂಕ ಇಳಿದಷ್ಟೂ ಒಳ್ಳೆಯದು. ಹಿಮ್ಮಡಿ ಹಿಡಿಯುವ ಬ್ರೇಸ್ ಮತ್ತು ರಾಕರ್ ಸೋಲ್ ಇರುವ ಶೂ ಹಾಕಿಸಿ. ಸೋಲ್ ಮುಂದೆ ದುಂಡಗೆ ಏರಿರುತ್ತದೆ, ಕೀಲು ಮಡಚದೆಯೇ ಪಾದ ಮುಂದಕ್ಕೆ ಉರುಳುತ್ತದೆ. ಬೆಂಗಳೂರಿಗೆ ಹೋದಾಗ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾದಲ್ಲಿ ವಿಚಾರಿಸಿ, ಕಾಲಿನ ಅಳತೆ ತೆಗೆದು ಇಂಥ ಸಾಧನ ಮಾಡಿಕೊಡುತ್ತಾರೆ. ಬಲಗಾಲಿನ ಸೋಲ್ ದಪ್ಪ ಆದಷ್ಟೂ ಎಡಗಾಲಿನದ್ದನ್ನೂ ಏರಿಸಲು ಹೇಳಿ, ಇಲ್ಲದಿದ್ದರೆ ಸೊಂಟ ನೋವು ಶುರುವಾಗುತ್ತದೆ. ಒದ್ದೆ ತೋಟದಲ್ಲಿ ಮಾತ್ರ ಅದನ್ನು ಹಾಕಿಕೊಂಡು ಇಳಿಜಾರಿಗೆ ಹೋಗುವುದು ಬೇಡ, ಜಾರುತ್ತದೆ.